ಷರಾ

ಚಿಕ್ಕಜಾಜೂರು ಜಂಕ್ಷನ್ನಿನ ಉಗ್ರಾಣದಲ್ಲಿ
ನಾನು ಎರಡನೇ ದರ್ಜೆ ಗುಮಾಸ್ತ.
ಕಬ್ಬಿಣದ ಬಗ್ಗೆ ನನಗೆ ಗೊತ್ತಿದ್ದದ್ದು ತೂಕ ಮಾತ್ರ.

ಆ ಎಂಜಿನ್ನು ಹುಟ್ಟಿದೂರು ಫಿಲಡೆಲ್ಫಿಯಾ ಅಂತ
ಪಕ್ಕೆಯ ಹಿತ್ತಾಳೆ ತಗಡು ಹೇಳುತ್ತಿತ್ತು.
ಯುದ್ಧಕ್ಕೆಂದೇ ಎರಕ ಹೊಯ್ದು, ಬಿಚ್ಚಿ, ಪೆಟ್ಟಿಗೆಗೆ ತುಂಬಿ
ಹಡಗಿಗೇರಿಸಿದ್ದು.
ಅಸ್ಸಾಮಿನ ಕಾಡಲ್ಲಿ ಮದ್ದುಗುಂಡು ಎಳೆದು,
ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾಗಿ
ಕೈಯಿಂದ ಕೈಗೆ ದಾಟುತ್ತ
ನಮ್ಮ ಬಯಲಿಗೆ ಬಂದು ಬಿತ್ತು.
ಇಲ್ಲಿ ಎಳೆದದ್ದು ಚಳ್ಳಕೆರೆಯ ಶೇಂಗಾ,
ದಾವಣಗೆರೆಯ ಮಿಲ್ಲಿಗೆ ಅರಳೆ,
ಒಂದು ಸಲ, ರಾತ್ರಿ, ಸರ್ಕಸ್ಸಿನ ಆರು ಒಂಟೆ.

ಜನ ಅದನ್ನು ‘ಮಿಲ್ಟ್ರಿ’ ಅಂದರು.
ಮಿಲ್ಟ್ರಿಗೆ ನಮ್ಮ ನೀರು ಹಿಡಿಸಲಿಲ್ಲ.
ಸವಳು ನೀರು. ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತಿತ್ತು,
ಹಳೇ ಚೊಂಬಿನ ತಳದ ಹಾಗೆ.
ಏದುಸಿರು, ಮೂಳೆನೋವು, ಕೀಲುಕೀಲಲ್ಲೂ ಸೋರಿಕೆ;
ತೊಳೆದು ಕಳಿಸಿದರೆ ಮೂರು ವಾರ ಚೆನ್ನಾಗಿರುತ್ತಿತ್ತು.

ಡ್ರೈವರ್ ತಿಪ್ಪೇರುದ್ರಪ್ಪ ಅದರ ಜೊತೆ ಮಾತಾಡುತ್ತಿದ್ದ,
ಹೊಳಲ್ಕೆರೆಯ ಏರಿನಲ್ಲಿ ಅವ್ವ ಅಪ್ಪ ಸೇರಿಸಿ ಬೈಯುತ್ತಿದ್ದ.
ಫೈರ್‌ಮನ್ ಬುಡೇನ್‌ಸಾಬ ಮಾತಾಡಿದವನಲ್ಲ.
ಸಲಿಕೆ ತುಂಬ ಕಲ್ಲಿದ್ದಲು, ಅರ್ಧ ಸುತ್ತು,
ಎಡಗಾಲಿಂದ ಒಲೆಬಾಗಿಲ ಸನ್ನೆಗೆ ಒಂದು ಒದೆತ;
ತೆರೆದದ್ದೂ ಎಸೆದದ್ದೂ ಮುಚ್ಚಿದ್ದೂ
ಒಂದೇ ಉಸಿರು.
ಯಾವಾಗಲೋ ಹುಬ್ಬು ಸುಟ್ಟು ಮತ್ತೆ ಬರಲೇ ಇಲ್ಲ ಅವನಿಗೆ.
ಸದಾ ಏನನ್ನೋ ಕಂಡು ಬೆರಗಾದವನ ಮುಖ.

ಡೀಸೆಲ್ ಬಂತು.
ಮಿಲ್ಟ್ರಿಯನ್ನು ಕೊನೆಯ ಸೈಡಿಂಗಿಗೆ ತಳ್ಳಿದರು.
ಚಿಮಣಿಯಲ್ಲಿ ಗೊರವಂಕ ಮರಿ ಮಾಡಿದವು,
ಟೆಂಡರಿನ ಮಳೆನೀರಲ್ಲಿ ಗ್ಯಾಂಗಿನ ಹೆಂಗಸರು ಸೀರೆ ಹಿಂಡಿದರು.
ಆಮೇಲೆ ಹರಾಜಿನ ನೋಟೀಸು.
ಹಿಂದಿನ ದಿನ ಪಟ್ಟಿ ಮಾಡಲು ನನ್ನನ್ನು ಕಳಿಸಿದರು.

ಗಾಲಿ, ದೊಡ್ಡವು, ಎಂಟು. ಇದೆ.
ಸೀಟಿ, ಒಂದು. ಇದೆ.
ಒಲೆಬಾಗಿಲು, ಬೀಡುಕಬ್ಬಿಣ
ಅಲ್ಲಿಗೆ ಪೆನ್ನು ನಿಂತಿತು.
ಹಳಿಯಾಚೆ ಜಾಲಿಯ ಮರೆಯಲ್ಲಿ ಒಂದು ಕೈಗಾಡಿ,
ಗಾಡಿಯ ಮೇಲೆ ಗೋಣಿ ಮುಚ್ಚಿದ ಏನೋ,
ಗೋಣಿಯ ಪಕ್ಕ ಬುಡೇನ್‌ಸಾಬ, ಹುಬ್ಬಿಲ್ಲದೆ,
ನನ್ನನ್ನೇ ನೋಡುತ್ತ.
ಕೇಳಿದ್ದರೆ ಹೇಳುತ್ತಿದ್ದನೇನೋ. ಕೇಳಲಿಲ್ಲ.
ಷರಾ ಕಾಲಮ್ಮಿನಲ್ಲಿ ಬರೆದೆ: ಕಾಣೆಯಾಗಿದೆ.
ಮೂವತ್ತೊಂದು ವರ್ಷದ ನೌಕರಿಯಲ್ಲಿ
ನಾನು ಬರೆದ ಸುಳ್ಳು ಅದೊಂದೇ
ಅಂತ ಹೇಳಿದರೆ, ಅದು ಎರಡನೆಯದಾಗುತ್ತದೆ.

ಗ್ಯಾಸ್ ಕಟರಿನವರು ಹನ್ನೊಂದು ದಿನ ಕೊಯ್ದರು.
ಮೊದಲ ದಿನ ತಿಪ್ಪೇರುದ್ರಪ್ಪ ಬಂದ, ಬೀಡಿ ಹಚ್ಚಿದ,
ಅರ್ಧಕ್ಕೇ ಆರಿಸಿ ಹೋದ.
ಲಾರಿಗಳ ತೂಕದ ಚೀಟಿಗೆ ಸಹಿ ನನ್ನದೇ.
ಫಿಲಡೆಲ್ಫಿಯಾದ ತಗಡನ್ನು ಯಾವನೋ ಸಾಹೇಬ
ಬೈಠಕ್ ಕೋಣೆಗೆ ಒಯ್ದ. ಅದಕ್ಕೆ ಷರಾ ಬೇಕಾಗಲಿಲ್ಲ.

ಪಿಂಚಣಿಯ ಐದನೇ ವರ್ಷ, ದಾವಣಗೆರೆ.
ಮನೆಯ ಕಾರ್ಯಕ್ಕೆ ಒಂದು ಚೀಲ ಮಂಡಕ್ಕಿ ಬೇಕಿತ್ತು.
ಭಟ್ಟಿಗಳ ಓಣಿ ತುಂಬ ಹೊಗೆ, ಕಣ್ಣೀರು, ಕೆಮ್ಮು;
ಒಂದು ಭಟ್ಟಿಯಲ್ಲಿ ದುಪಟ್ಟಾ ಮೂಗಿಗೆ ಬಿಗಿದ ಹುಡುಗಿ,
ಸಲಿಕೆ ತುಂಬ ಹೊಟ್ಟು, ಅರ್ಧ ಸುತ್ತು,
ಎಡಗಾಲಿಂದ ಒಂದು ಒದೆತ.
ನನ್ನ ಕೈಯ ಚೀಟಿ ಕೆಳಗೆ ಬಿತ್ತು.
ಬಾಗಿಲ ಅಂಚಿನಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ,
ಸುಟ್ಟು ಸವೆದು ಮೂರೇ ಉಳಿದಿದ್ದವು.

‘ಎಲ್ಲಿಂದ ತಂದ್ರಿ ಇದನ್ನ?’
‘ನಮ್ಮಜ್ಜ ಅಮ್ಮೀಗೆ ಮದುವೇಲಿ ಕೊಟ್ಟಿದ್ದಂತೆ.
ಬ್ಯಾರೆಯೋರು ಬಂಗಾರ ಕೊಡ್ತಾರೆ, ನೋಡ್ರಿ.’
ನಕ್ಕಳು. ಅವಳಿಗೆ ಹುಬ್ಬು ದಟ್ಟವಾಗಿತ್ತು.

ಬಿಸಿ ಮರಳಲ್ಲಿ ಅಕ್ಕಿ ಚಟಚಟ ಅರಳಿತು.
ಚೀಲ ನನಗಿಂತ ಎತ್ತರ. ತೂಗಲೇ ಅಂದಳು, ಬೇಡ ಅಂದೆ.
ಹೆಗಲಿಗೆ ಹಾಕಿಕೊಂಡೆ:
ಅಷ್ಟು ದೊಡ್ಡದು,
ಇದೆಯೋ ಇಲ್ಲವೋ ಅನ್ನುವ ಹಾಗೆ.